ಕರಗಿದ ಕೊಬ್ಬು ಎಲ್ಲಿ ಹೋಗುತ್ತದೆ

ಜೂನ್ ೨, ಸೋಮವಾರ

ಮತ್ತೆ ಅದೇ. ಬ್ರೆಡ್ಡು ತಟ್ಟೆಯಲ್ಲೇ ಉಳಿಯಿತು. ಸುನ್ವಾ ಬರೀ ಕಪ್ಪು ಕಾಫಿ ಕುಡಿದು ದೋಣಿ ಅಭ್ಯಾಸಕ್ಕೆ ಓಡಿದಳು. ಹದಿನೈದರ ಹುಡುಗಿಗೆ ಕಾಫಿಯೇ ತಿಂಡಿ! ಹುಟ್ಟು ಹಾಕುವವರು ಉಳಿದ ಹುಡುಗಿಯರು, ಚುಕ್ಕಾಣಿ ಇವಳದು. 'ಚುಕ್ಕಾಣಿಯವಳು ಅಂದ್ರೆ ಕೂತ ಮೂಟೆ. ಮೂಟೆ ಹಗುರ ಇದ್ದಷ್ಟೂ ಒಳ್ಳೇದು' ಎಂದನಂತೆ ಕೋಚ್ ಟ್ರೋಂಡುರ್. ಜುಲೈ ಕೊನೆಗೆ ನಮ್ಮ ದ್ವೀಪಗಳ ದೊಡ್ಡ ಹಬ್ಬ ಓಲಾವ್ಸೋಕಾದ ದೋಣಿ ಪಂದ್ಯ. ಅಷ್ಟರೊಳಗೆ ಇನ್ನೂ ಆರು ಕಿಲೋ ಇಳಿಯಬೇಕಂತೆ. ಇಳಿಯಲು ಅವಳಲ್ಲಿ ಇರುವುದಾದರೂ ಏನು?

ನನ್ನ ಅಪ್ಪನಿಗೆ ಇದೆಲ್ಲ ತಮಾಷೆ. "ಇಳೀಲಿ ಬಿಡೇ. ಕೊಬ್ಬು ಜಾಸ್ತಿಯಾಗಿತ್ತು ಇವಳಿಗೆ."

"ತಿನ್ನಿಸಿದೋನು ನೀನೇ ಅಲ್ವಾ, ಅಬ್ಬಿ?" ಓಡುತ್ತಲೇ ಬಾಗಿಲಿನಿಂದ ಅಜ್ಜನಿಗೆ ಸುನ್ವಾಳ ಉತ್ತರ.

ಅದೂ ನಿಜ. ಹಲ್ಲು ಮೂಡಿದಾಗಿನಿಂದ ಅಜ್ಜನ ತೊಡೆಯ ಮೇಲೆ ಕೂತು ಒಣಮೀನು, ತಿಮಿಂಗಿಲದ ಕೊಬ್ಬು.

ಜೂನ್ ೧೧, ಬುಧವಾರ

ಆಸ್ಪತ್ರೆಯ ಅಧ್ಯಯನಕ್ಕೆ ರಕ್ತ ಕೊಟ್ಟು ಬಂದೆವು. ಸುನ್ವಾ ಹುಟ್ಟಿದಾಗಿನಿಂದಲೂ ಅದರಲ್ಲಿದ್ದಾಳೆ. ಡಾಕ್ಟರ್ ಮಾಲನ್ ಹಳೆಯ ಪಾಠವನ್ನೇ ಹೇಳಿದಳು — ದೂರದ ಕಾರ್ಖಾನೆಗಳ ರಾಸಾಯನಿಕ ಸಮುದ್ರಕ್ಕೆ, ಮೀನಿಗೆ, ತಿಮಿಂಗಿಲಕ್ಕೆ, ಅಲ್ಲಿಂದ ನಮಗೆ. ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹುಡುಗಿಯರು ತಿಮಿಂಗಿಲ ತಿನ್ನಲೇಬಾರದು.

ಮನೆಗೆ ಬಂದವಳೇ ಸುನ್ವಾ ಘೋಷಿಸಿದಳು: "ಹಾಗಾದ್ರೆ ಇರೋ ಕೊಬ್ಬನ್ನೆಲ್ಲ ಕರಗಿಸ್ಬಿಡ್ತೀನಿ. ವಿಷಾನೂ ಹೋಗತ್ತೆ, ತೂಕಾನೂ ಹೋಗತ್ತೆ."

"ಸರಿಯಾಗೇ ಹೇಳಿದೆ" ಎಂದ ಅಪ್ಪ. "ತಿಮಿಂಗಿಲದ ಕೊಬ್ಬು ಕಾಯಿಸಿದ್ರೆ ಎಣ್ಣೆಯೆಲ್ಲ ಹೊರಗೆ ಬರತ್ತೆ. ಇದೂ ಹಾಗೇ."

ಈ ಮನೆಯಲ್ಲಿ ಯಾವ ಮಾತಿಗೂ ತಿಮಿಂಗಿಲವೇ ಸಾಕ್ಷಿ! ನನಗೂ ಮಾತು ಸರಿಯೆಂದೇ ಕಂಡಿತು, ಅದು ಬೇರೆ.

ಜೂನ್ ೨೯, ಭಾನುವಾರ

ಇವತ್ತಿನ ಸಣ್ಣ ಪಂದ್ಯ ಗೆದ್ದರಂತೆ. ಗೆದ್ದ ಮೇಲೆ ಸುನ್ವಾ ದಡದಲ್ಲಿ ತಲೆ ಸುತ್ತಿ ಕೂತಳಂತೆ. ಎರಡನೆಯದನ್ನು ಹೇಳಿದ್ದು ಪಕ್ಕದ ಮನೆಯವರು. ಟ್ರೋಂಡುರ್ ಹೇಳಿದ್ದು ಮೊದಲನೆಯದು ಮಾತ್ರ.

ಕೆನ್ನೆ ಒಳಗೆ ಹೋಗಿದೆ. ಊಟಕ್ಕೆ ಕರೆದರೆ, "ಮಮ್ಮಾ, ನಾನು ಕ್ಲೀನ್ ಆಗ್ತಿದೀನಿ, ಗೊತ್ತಲ್ಲ?"

ಮಾಲನ್‌ಗೆ ಫೋನ್ ಮಾಡಿದೆ. ಕೂಡಲೇ ಕರೆದುಕೊಂಡು ಬಾ ಎಂದಳು.

ಜುಲೈ ೯, ಬುಧವಾರ

ಮಾಲನ್ ಮತ್ತೆ ತೆಗೆದ ರಕ್ತದ ಫಲಿತಾಂಶ ಬಂತು. ಜೂನ್‌ಗಿಂತ ವಿಷ ಇಳಿದಿಲ್ಲ — ಏರಿದೆ!

ಸುನ್ವಾ ನಂಬಲಿಲ್ಲ. "ಕೊಬ್ಬು ಕರಗಿದೆಯಲ್ಲ?"

"ಫ್ರೀಜರ್ ಆಫ್ ಮಾಡಿದ್ರೆ ಒಳಗಿರೋದು ಮಾಯ ಆಗತ್ತಾ?" ಎಂದಳು ಮಾಲನ್. "ಕರಗಿ ಅಡುಗೆಮನೆ ತುಂಬ ಹರಿಯತ್ತೆ. ಕೊಬ್ಬು ಹೋಯ್ತು. ಅದರಲ್ಲಿದ್ದದ್ದು ಈಗ ನಿನ್ನ ರಕ್ತದಲ್ಲಿದೆ."

ಅದರಿಂದ ಏನಾಗುತ್ತದೆ ಎಂದು ಕೇಳಿದೆ. ಬೆಳೆಯುವ ವಯಸ್ಸಿನಲ್ಲಿ ಏನಾಗುತ್ತದೆಂದು ಖಚಿತವಾಗಿ ಹೇಳಲು ಬರುವುದಿಲ್ಲವಂತೆ. ಹದಿನೈದು ವರ್ಷ ರಕ್ತ ತೆಗೆದುಕೊಂಡವರ ಉತ್ತರ! ಉಪವಾಸ ನಿಲ್ಲಬೇಕು, ಇದೊಂದು ಖಚಿತವಂತೆ.

"ಹೊರಗೆ ಹೋಗೋ ದಾರೀನೇ ಇಲ್ವಾ?" ಸುನ್ವಾಳ ಪ್ರಶ್ನೆ.

"ನಿಧಾನಕ್ಕೆ ಹೋಗತ್ತೆ. ವರ್ಷಗಳು ಬೇಕು. ಬೇಗ ಹೋಗೋದು ಅಂದ್ರೆ…" ಮಾಲನ್ ನನ್ನತ್ತ ನೋಡಿದಳು. "ತಾಯಂದಿರಿಗೆ, ಹಾಲಲ್ಲಿ. ಹಾಗಂತ ಎದೆಹಾಲು ಕೆಟ್ಟದ್ದಲ್ಲ, ಕೊಡಲೇಬೇಕು."

ವಾಪಸು ಬರುವಾಗ ಕಾರು ಸುರಂಗ ದಾಟಿತು. ಆಮೇಲೆ ಸುನ್ವಾ —

"ಹಾಗಾದ್ರೆ ನಿನ್ನ ಮೈಲಿದ್ದದ್ದು ನಂಗೆ ಬಂತು."

"ಸ್ವಲ್ಪ."

"ನಂಗೆ ಮಗು ಆದ್ರೆ, ನಂದು ಅದಕ್ಕೆ."

ಯಾರನ್ನು ಬೈಯಲಿ? ಯಾವ ದೇಶದ್ದೋ ಕಾರ್ಖಾನೆ, ನಾನು ಹುಟ್ಟುವ ಮೊದಲೇ ಬಾಗಿಲು ಮುಚ್ಚಿರಬಹುದು. ಬೈಗುಳ ತಲುಪುವಷ್ಟು ಹತ್ತಿರ ಇದ್ದವನು ಟ್ರೋಂಡುರ್ ಒಬ್ಬನೇ. ಫೋನ್ ಮಾಡಿ ಬೈದೆ.

"ಹಗುರ ಇರು ಅಂದೆ. ಊಟ ಬಿಡು ಅಂದೆನಾ?" ಎಂದ.

"ಮತ್ತೆ ಹಗುರ ಆಗೋದು ಹೇಗೋ? ಹಕ್ಕಿ ಥರ ಟೊಳ್ಳು ಮೂಳೆ ಹಾಕಿಸ್ಕೊಂಡಾ?"

ಫೋನ್ ಇಟ್ಟುಬಿಟ್ಟ.

ಜುಲೈ ೧೩, ಭಾನುವಾರ

ಸುನ್ವಾ ತಿನ್ನುವುದೂ ಇಲ್ಲ, ಮಾತೂ ಇಲ್ಲ. ಹಬ್ಬಕ್ಕೆ ಇನ್ನು ಎರಡು ವಾರ. ಪಂದ್ಯ ಮುಗೀಲಿ, ಆಮೇಲೆ ತಿಂತೀನಿ ಎಂದು ಚೀಟಿಯಂಥ ಮೆಸೇಜು, ಪಕ್ಕದ ಕೋಣೆಯಿಂದ.

ಅಪ್ಪ ಉಪ್ಪು ಹಾಕಿಟ್ಟ ತಿಮಿಂಗಿಲದ ಕೊಬ್ಬಿನ ಡಬ್ಬಿಯನ್ನು ಸಮುದ್ರಕ್ಕೆ ಸುರಿದು ಬರುತ್ತೇನೆಂದು ಹೊತ್ತುಕೊಂಡು ಹೋದ. ಸ್ವಲ್ಪ ಹೊತ್ತಿಗೆ ಡಬ್ಬಿಯ ಸಮೇತ ವಾಪಸು.

"ಮನಸ್ಸು ಬರಲಿಲ್ಲ ಕಣೇ. ನಾನಂತೂ ಮುದುಕ. ನಾನೇ ತಿಂದು ಮುಗಿಸ್ತೀನಿ."

ಎಂಥ ತ್ಯಾಗ!

ಜುಲೈ ೧೬, ಬುಧವಾರ

ಮಧ್ಯಾಹ್ನ ದೋಣಿಮನೆಗೆ ಹೋದವಳು ಬೇಗ ಬಂದಳು. ಕಣ್ಣು ಕೆಂಪು.

"ಇರೋಷ್ಟೇ ತೂಕ, ಇನ್ನು ಇಳಿಸಲ್ಲ ಅಂದೆ. ಬೇಕಾದ್ರೆ ಟೀಮಲ್ಲಿ ಇಟ್ಕೋ ಅಂದೆ."

"ಟ್ರೋಂಡುರ್ ಏನಂದ?"

"ಬೇರೆಯವಳನ್ನ ಕೂರಿಸಿದ." ಬಾಗಿಲು ದಢಾರೆಂದು ಹಾಕಿಕೊಂಡಳು. ಒಳಗಿನಿಂದಲೇ ಕೂಗಿದಳು: "ನೀನು ಹೇಳಿದೆ ಅಂತ ಅಲ್ಲ! ಆ ಮಗೂಗೋಸ್ಕರಾನೂ ಅಲ್ಲ! ನಂಗೇ ಸಾಕಾಯ್ತು!"

ಸರಿ. ಯಾರಿಗೋಸ್ಕರವಾದರೂ ಆಗಲಿ. ಅಪ್ಪ ಬಾಯಿ ತೆರೆದ, ಕಣ್ಣಲ್ಲೇ ಗದರಿ ಹೊರಗೆ ಕಳಿಸಿದೆ.

ಈಗ ಅಡುಗೆಮನೆಯಲ್ಲಿ ಸದ್ದು. ಆಲೂಗಡ್ಡೆ ಬೇಯುವ ವಾಸನೆ. ಹೋಗಬಾರದು, ಹೋದರೆ ಕೆಡುತ್ತದೆ. ಇಲ್ಲೇ ಕೂತು ಬರೆಯುತ್ತಿದ್ದೇನೆ, ಕಿವಿ ಅಲ್ಲಿ. ಡ್ರಾಯರು ಎಳೆದಳು. ಫ್ರಿಜ್ಜಿನ ಬಾಗಿಲು… ಮತ್ತೆ ಫ್ರಿಜ್ಜು. ಕರೆಯುತ್ತಿದ್ದಾಳೆ, ಬಾಯಲ್ಲಿ ಏನೋ ಇದೆ, ಮಾತು ಸ್ಪಷ್ಟವಿಲ್ಲ — ಬೆಣ್ಣೆ ಎಲ್ಲಿಟ್ಟಿದೀಯಾ ಅಂತ —