ರೆಕ್ಕೆಯ ಆ ಕಡೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಎಡಚಿಗೆ,

ನಿನ್ನ ಗಟ್ಟಿಬಾಯಿ ಗೆಳತಿಯ ನೆನಪುಗಳು. ನಾನು ಕ್ಷೇಮ. ಮೊಣಕಾಲೊಂದನ್ನು ಬಿಟ್ಟರೆ ಮೈಯಲ್ಲಿ ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತಿದೆ. ನಿನ್ನ ಕಾರ್ಡು ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಬೈಯುವ ಹಕ್ಕಾದರೂ ನಿನಗೆಲ್ಲಿದೆ? ವರ್ಷಕ್ಕೊಂದು ಕಾರ್ಡು, ಅದರಲ್ಲಿ 'ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ' ಎಂದು ಒಂದೇ ಸಾಲು. ಹಿಂದೆ ತಂತಿ ಕಳಿಸುವವರು ಕೂಡ ಇದಕ್ಕಿಂತ ಧಾರಾಳವಾಗಿ ಬರೆಯುತ್ತಿದ್ದರು. ಈ ಸಲ ಮಾತ್ರ ಎರಡು ಸಾಲು ಹೆಚ್ಚು ದಯಪಾಲಿಸಿದ್ದೀಯೆ: 'ವಿಮಾನದ ಸುದ್ದಿ ನನಗೆ ಬರೆಯಬೇಡ. ನೀನು ಎಷ್ಟು ಕರೆದರೂ ನಾನು ಬರುವುದಿಲ್ಲ.' ಓದಿದೆ, ಮಡಚಿಟ್ಟೆ, ಈಗ ವಿಮಾನದ ಸುದ್ದಿಯನ್ನೇ ಬರೆಯಲು ಕೂತಿದ್ದೇನೆ. ಡಿಪೋದ ಹೊಲಿಗೆ ಕೋಣೆಯಲ್ಲಿ ಅಷ್ಟು ವರ್ಷ ಜೊತೆಗಿದ್ದಾಗಲೇ ನಿನ್ನ ಮಾತು ಕೇಳದವಳು ಈಗ ಕೇಳುತ್ತೇನೆಯೆ?

ನಮ್ಮ ಹಳೇ ಡಿಪೋದ ಕೊನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ತರಬೇತಿ ವಿಮಾನವನ್ನು ವಾಯುಪಡೆಯವರು ಮತ್ತೆ ಹಾರಿಸಲು ಹೊರಟಿದ್ದಾರೆಂದು ಹಿಂದಿನ ಕಾಗದದಲ್ಲೇ ಬರೆದಿದ್ದೆನಲ್ಲ. ಮೇಲೆರಡು ಕೆಳಗೆರಡು ರೆಕ್ಕೆ, ಹಿಂದೆ ಮುಂದೆ ಒಂದೊಂದು ತೆರೆದ ಸೀಟು, ಹಳದಿ ಬಣ್ಣ, ನಮ್ಮ ಕೈ ಆಡಿದ್ದೇ. ಕೆಲಸದ ಹೊಣೆ ಹೊತ್ತವಳು ಒಬ್ಬ ಇಂಜಿನಿಯರ್ ಹುಡುಗಿ. ಅವಳ ತಂಡದವರು ವಿಮಾನವನ್ನು 'ಅಜ್ಜಿ' ಅನ್ನುತ್ತಾರೆ. 'ಅಜ್ಜಿಗೆ ಇವತ್ತು ಚಕ್ರ ಹಾಕಿದ್ವಿ', 'ಅಜ್ಜಿ ಮೂಗು ತೊಳೆದ್ವಿ', ಹೀಗೆ. ಒಂದು ದಿನ ನಾನು ತಡೆಯಲಾರದೆ ಕೇಳಿದೆ, "ಅಲ್ರಪ್ಪಾ, ಇದೇ ಅಜ್ಜಿ ಆದ್ರೆ, ಇದಕ್ಕೆ ಬಟ್ಟೆ ಹೊಲಿದು ಉಡಿಸಿದವಳನ್ನ ಏನಂತ ಕರೀತೀರಿ?" ಅವತ್ತಿನಿಂದ ನಾನು ಮುತ್ತಜ್ಜಿ. ಗೇಟಿನ ಕಾವಲುಗಾರನೂ ಸೆಲ್ಯೂಟ್ ಹೊಡೆದು "ಬನ್ನಿ ಮುತ್ತಜ್ಜಿ" ಅನ್ನುತ್ತಾನೆ. ಈ ವಯಸ್ಸಿನಲ್ಲಿ ಸೆಲ್ಯೂಟ್ ಸಿಕ್ಕರೆ ಜಂಬ ಬಾರದೆ ಇರುತ್ತದೆಯೆ? ಬಂದಿದೆ. ಅದಕ್ಕೆ ನಿನ್ನ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೇನೆ.

ಆ ಇಂಜಿನಿಯರ್ ಹುಡುಗಿ ಪುಸ್ತಕ ನೋಡಿ ಬಾಲದ ಭಾಗವನ್ನು ಚೆನ್ನಾಗಿಯೇ ಹೊಲಿದಿದ್ದಳು. ರೆಕ್ಕೆಗೆ ಕೈಗಳು ಸಾಲದೆ ನನ್ನನ್ನು ಕರೆದಳು. ನಾನು ಹೋದಾಗ ಹಳೇ ಬಟ್ಟೆಯನ್ನು ಇನ್ನೂ ತೆಗೆಯುತ್ತಿದ್ದರು. ಬಟ್ಟೆ ಮುಟ್ಟಿದರೆ ಒಣಗಿದ ಎಲೆಯ ಹಾಗೆ ಪುಡಿಯಾಗುತ್ತಿತ್ತು. ಆದರೆ ರೆಕ್ಕೆಯೊಳಗಿನ ಮರದ ಪಕ್ಕೆಲುಬುಗಳಿಗೆ ಬಟ್ಟೆಯನ್ನು ಬಿಗಿದ ಹೊಲಿಗೆ ಮಾತ್ರ ಬರಲೊಲ್ಲದು. ಒಬ್ಬ ಹುಡುಗ ಎಳೆದ, ಇಕ್ಕಳ ತಂದ, ಕೊನೆಗೆ ಬ್ಲೇಡು ಹಿಡಿದು ಕೂತ. "ಯಾರಪ್ಪಾ ಇದನ್ನ ಹೊಲಿದಿದ್ದು, ರಾಕ್ಷಸರಾ?" ಅಂದ. ನಾನು ಕನ್ನಡಕ ಏರಿಸಿ ಬಗ್ಗಿ ನೋಡಿದೆ. ಊರಿನವರ ಗಂಟೆಲ್ಲ ಬಲಕ್ಕೆ ವಾಲಿದರೆ ಇವು ಎಡಕ್ಕೆ ವಾಲಿದ್ದವು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಂಜಿನಿಯರ್ ಹುಡುಗಿ ನೀರು ತಂದುಕೊಟ್ಟಳು. "ಏನಾಯ್ತಮ್ಮಾ?" ಅಂದಳು. "ಏನಿಲ್ಲ, ಗುರುತಿನವರು ಸಿಕ್ಕಿದ್ರು" ಅಂದೆ.

ಕೆಲಸ ಹೇಗೆಂದು ನಿನಗೆ ಹೇಳಿಕೊಡಬೇಕಿಲ್ಲ, ಆದರೂ ಬರೆಯುವುದಕ್ಕೆ ಖುಷಿ. ರೆಕ್ಕೆಯನ್ನು ಗೋಡೆಯ ಹಾಗೆ ನಿಲ್ಲಿಸಿದ್ದರು. ಅದೇ ಉದ್ದ ದಬ್ಬಣ, ಅದೇ ಮೇಣದ ದಾರ. ಒಬ್ಬಳು ಈ ಕಡೆಯಿಂದ ತೂರಿಸಬೇಕು, ಇನ್ನೊಬ್ಬಳು ಆ ಕಡೆ ಎಳೆದು ಪಕ್ಕೆಲುಬು ದಾಟಿಸಿ ವಾಪಸು ಕಳಿಸಬೇಕು, ದಾರ ಸುತ್ತಿ ಬಂದ ಮೇಲೆ ಆ ಕಡೆಯವಳೇ ಗಂಟು ಹಾಕಬೇಕು. ನಡುವೆ ಬಟ್ಟೆ. ಮಾತು ಕೇಳುತ್ತದೆ, ಮುಖ ಕಾಣದು. ಗಂಟು ಹಾಕುವ ಜಾಗ ಯಾವಾಗಲೂ ನಿನ್ನದು, ತೂರಿಸುವುದು ನನ್ನದು. ನಿನ್ನ ಮುಖಕ್ಕಿಂತ ನಿನ್ನ ದಬ್ಬಣದ ಮೊನೆಯನ್ನೇ ನಾನು ಹೆಚ್ಚು ನೋಡಿರಬೇಕು. ನೀನು ನಗುತ್ತಿದ್ದರೆ ಅದು ತಡವಾಗಿ ಬರುತ್ತಿತ್ತು. ಮುನಿಸಿಕೊಂಡಿದ್ದರೆ ಸೀದಾ ನನ್ನ ಬೆರಳಿಗೇ ಬರುತ್ತಿತ್ತು, ಪಾಪಿ.

ಈಗ ತೂರಿಸುವ ಜಾಗದಲ್ಲಿ ನನ್ನ ಸೊಸೆ ನಿಂತಳು, ನಾನು ನಿನ್ನ ಜಾಗಕ್ಕೆ ಬಂದೆ. ಸೊಸೆ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ರಜೆ ಹಾಕಿ ಬಂದಿದ್ದಳು. ಮೊದಲ ದಿನ "ಅತ್ತೆ, ಇದು ವಿಮಾನವೋ ಹಾಸಿಗೆಯೋ?" ಎಂದು ನಕ್ಕವಳು ಎರಡನೇ ವಾರಕ್ಕೆ ತಾನೇ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದಳು. ಇಂಜಿನಿಯರ್ ಹುಡುಗಿಯ ಕಣ್ಣಂತೂ ಹದ್ದಿನ ಕಣ್ಣು. ನನ್ನ ಮೂರು ಗಂಟು ಬಿಚ್ಚಿಸಿದಳು. "ಮುತ್ತಜ್ಜಿ, ಬೇಜಾರು ಮಾಡ್ಕೋಬೇಡಿ, ಇವು ಸಡಿಲ" ಅಂದಳು. ಬೇಜಾರೇಕೆ? ನೋಡಿದರೆ ನಿಜಕ್ಕೂ ಸಡಿಲವಿದ್ದವು. ಮನಸ್ಸಿನಲ್ಲೇ ಅವಳ ಬೆನ್ನು ತಟ್ಟಿದೆ. ಹೀಗೆ ನೋಡುವವರ ಕೈಗೆ ವಿಮಾನ ಬಿದ್ದಿದೆಯಲ್ಲ ಎಂದು ಸಮಾಧಾನವಾಯಿತು.

ಸುದ್ದಿ ಹಬ್ಬಿ ಜನ ನೋಡಲು ಬರುತ್ತಾರೆ. ಪಕ್ಕದ ಮೈದಾನದಿಂದ ಹೊಸ ಜೆಟ್‌ಗಳು ಏಳುತ್ತವೆ. ಸದ್ದು ಕೇಳಿ ನಾವು ತಲೆ ಎತ್ತುವಷ್ಟರಲ್ಲಿ ಅದು ಎಲ್ಲೋ ಹೋಗಿರುತ್ತದೆ. ಅದೂ ನಮ್ಮದೇ, ಅದರ ಮೇಲೂ ಹೆಮ್ಮೆಯಿದೆ, ಆದರೆ ಅದರ ಹತ್ತಿರ ಹೋಗಿ ಕೈಯಿಡಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಇದರ ಹತ್ತಿರ ಬಂದವರು ಮೊದಲು ಮಾಡುವ ಕೆಲಸವೇ ಅದು. ಮೊನ್ನೆ ಒಬ್ಬ ನಿವೃತ್ತ ಪೈಲಟ್ ಕೋಲೂರಿಕೊಂಡು ಬಂದರು. ಬಾಲದ ಮೇಲೆ ಅಂಗೈಯಿಟ್ಟು ಉದ್ದಕ್ಕೂ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಮರ, ಬಟ್ಟೆ, ದಾರ. ಇಷ್ಟನ್ನ ನಂಬ್ಕೊಂಡು ಮೇಲೆ ಹೋಗ್ತಿದ್ವಿ ನೋಡಿ" ಅಂದರು. "ಇಷ್ಟನ್ನಲ್ಲ, ನಮ್ಮನ್ನ" ಅಂದೆ ನಾನು. ಬಾಯಿ ಸುಮ್ಮನಿರಬೇಕಲ್ಲ. ಅವರು ನಕ್ಕು ಕೋಲನ್ನು ಎಡಗೈಗೆ ಬದಲಾಯಿಸಿ ನನಗೆ ಸೆಲ್ಯೂಟ್ ಮಾಡಿದರು. ಅದರಲ್ಲಿ ಅರ್ಧ ನಿನ್ನದು. ಎತ್ತಿಟ್ಟಿದ್ದೇನೆ.

ನಮ್ಮ ಯಜಮಾನರು ಹಾರುವ ಮುಂಚೆ ರೆಕ್ಕೆಯ ಮೇಲೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದದ್ದು ನೆನಪಿದೆಯೆ? ಆಮೇಲೆ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತು, ಶಿಷ್ಯ ಪೈಲಟ್‌ಗಳಿಗೆ ಕೇಳುವ ಹಾಗೆ, "ಇದು ಎಡಚಿ ಗಂಟು ತಾನೆ? ಹಾಗಾದ್ರೆ ಸರಿ. ನಮ್ಮ ಮನೆಯವಳದ್ದಾದ್ರೆ ಸ್ವಲ್ಪ ಯೋಚನೆ ಮಾಡ್ಬೇಕು" ಎನ್ನುತ್ತಿದ್ದರು. ನಾನು ಮುಖ ಊದಿಸುತ್ತಿದ್ದೆ. ಈಗ ಹೊಸ ಬಟ್ಟೆಗೆ, ಅದನ್ನು ಬಿಗಿ ಮಾಡುವ ಡೋಪ್ ಮೆರುಗೆಣ್ಣೆ ಬಳಿದು ಒಣಗಿದ ಮೇಲೆ ನಾನೂ ಹಾಗೇ ತಟ್ಟಿ ನೋಡಿದೆ. ಟಣ್ ಎಂದಿತು. ಅದೇ ದನಿ. ಡೋಪಿನ ಆ ಘಾಟು ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಎಲ್ಲವನ್ನೂ ವಾಸನೆಯ ತಲೆಗೇ ಕಟ್ಟುವುದು ತಪ್ಪಾದೀತು.

ಕಳೆದ ಮಂಗಳವಾರ ಇಂಜಿನ್ ಪರೀಕ್ಷೆ. ರೆಕ್ಕೆ ಇನ್ನೂ ಜೋಡಿಸಿರಲಿಲ್ಲ. ವಿಮಾನದ ಮೈಯನ್ನಷ್ಟೇ ಹೊರಗೆ ತಂದು ಹಗ್ಗದಿಂದ ಬಿಗಿದು ನಿಲ್ಲಿಸಿದ್ದರು. ಮೊದಲು ಕೆಮ್ಮಿತು, ಆಮೇಲೆ ಮುನಿಸಿಕೊಂಡು ಸುಮ್ಮನಾಯಿತು. ಮೂರನೇ ಸಲಕ್ಕೆ ನೀಲಿ ಹೊಗೆ ಉಗುಳಿ ಗುಡುಗಿತು ನೋಡು, ನನ್ನ ಕಾಲ ಕೆಳಗಿನ ನೆಲ ನಡುಗಿತು. ಗಾಳಿಗೆ ಎಲ್ಲರ ಟೋಪಿ ಹಾರಿಹೋಯಿತು. ಇಂಜಿನಿಯರ್ ಹುಡುಗಿ ಸಣ್ಣ ಮಗುವಿನ ಹಾಗೆ ಕುಣಿದಳು. ನನ್ನ ಸೊಸೆ ನನ್ನ ಕೈ ಹಿಡಿದುಕೊಂಡು ಕಿವಿಯಲ್ಲಿ ಕೂಗಿದಳು, "ಅತ್ತೆ, ನೀವು ಇದನ್ನೆಲ್ಲ ಯಾಕೆ ಇಷ್ಟು ವರ್ಷ ನಮಗೆ ಹೇಳ್ಲೇ ಇಲ್ಲ?" ನಿನ್ನ ಹೆಸರಿಲ್ಲದೆ ಆ ಕಥೆಯನ್ನು ಹೇಳುವುದಕ್ಕೆ ನನಗೆ ಬರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರೆಕ್ಕೆಗಳೆಲ್ಲ ಮುಗಿದವು, ಕೆಳಗಿನ ಎಡ ರೆಕ್ಕೆಯ ತುದಿಯ ಒಂದು ಸಾಲು ಬಿಟ್ಟು. ಅದನ್ನು ನಾನೇ ಹೊಲಿಯಗೊಡದೆ ಉಳಿಸಿಕೊಂಡಿದ್ದೇನೆ. ಆ ಸಾಲು ಹೊಲಿದು ಡೋಪ್ ಬಳಿಯುವವರೆಗೆ ಅಜ್ಜಿ ಹಾರುವ ಹಾಗಿಲ್ಲ. "ಮುತ್ತಜ್ಜಿ, ಒಂದೇ ಒಂದು ಸಾಲಿಗೆ ಇಡೀ ವಿಮಾನ ಕಾಯ್ತಾ ಇದೆ" ಎಂದು ಇಂಜಿನಿಯರ್ ಹುಡುಗಿ ಗೋಗರೆಯುತ್ತಾಳೆ. "ಗಂಟು ಹಾಕೋಳು ಬರ್ಬೇಕು" ಅಂದೆ. "ಬರದಿದ್ರೆ?" ಅಂದಳು. ಪಾಪ, ಮೇಲಿನವರಿಗೆ ಏನೋ ಹೇಳಿ ಬರುವ ಶನಿವಾರದವರೆಗೆ ಗಡುವು ತಂದಿದ್ದಾಳೆ. ಆಮೇಲೆ ಅವಳೇ ಹೊಲಿದು ಮುಗಿಸುತ್ತಾಳೆ, ಚೆನ್ನಾಗಿಯೇ ಹೊಲಿಯುತ್ತಾಳೆ. ಆದರೆ ಆಗ ಅದು ನಮ್ಮ ವಿಮಾನ ಆಗುವುದಿಲ್ಲ.

ನಿನ್ನ ಮಗಳಿಗೆ ನನ್ನ ನೆನಪು ಹೇಳು. ಮೊಮ್ಮಗಳಿಗೆ ನನ್ನ ತುಂಬು ಆಶೀರ್ವಾದ. ಅವಳೂ ಎಡಗೈಯವಳೆಂದು ಕೇಳಿದೆ, ಯಾರೂ ತಿದ್ದದ ಹಾಗೆ ನೋಡಿಕೋ. ಎಲ್ಲರೂ ಗಟ್ಟಿಯಾಗಿರಿ, ನಗುತ್ತಿರಿ.

ಎಂದೆಂದಿಗೂ ನಿನ್ನ,
ಗಟ್ಟಿಬಾಯಿ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇಷ್ಟುದ್ದ ಬರೆದೂ ಬರೆಯಬೇಕಾದದ್ದನ್ನು ಬರೆದಿಲ್ಲ.

ಆ ವಾರ ನಾವಿಬ್ಬರೂ ರೆಕ್ಕೆ ಹೊಲಿದದ್ದು ಎರಡು ವಿಮಾನಗಳಿಗೆ. ಒಂದು ಈ ಅಜ್ಜಿ. ಇನ್ನೊಂದು ನಮ್ಮವರು ಕೊನೆಯ ಸಲ ಹತ್ತಿದ್ದು. ಇಂಜಿನ್ ನಿಂತು ಬಿತ್ತೆಂದು ತನಿಖೆಯವರು ಹೇಳಿದರು. ರೆಕ್ಕೆಯ ಹೊಲಿಗೆ ಕಿತ್ತುಬಂದಿತ್ತಂತೆ ಎಂದು ಕ್ಯಾಂಟೀನಿನಲ್ಲಿ ಯಾರೋ ನಾಲಗೆ ಹರಿಯಬಿಟ್ಟರು. ನೀನು ತನಿಖೆಯವರನ್ನು ಬಿಟ್ಟು ಕ್ಯಾಂಟೀನನ್ನು ನಂಬಿದೆ. ಕೆಲಸ ಬಿಟ್ಟೆ, ಊರು ಬಿಟ್ಟೆ, ನನ್ನ ಮುಖ ನೋಡುವುದನ್ನೂ ಬಿಟ್ಟೆ. ನಾನು ನಿನ್ನ ಕೈಯನ್ನು ಒಂದು ಕ್ಷಣವೂ ಅನುಮಾನಿಸಲಿಲ್ಲ ಕಣೇ. ಹಾಗೆಂದು ಹೇಳಲು ಓಡಿ ಬಂದರೆ ನಿನ್ನ ಮನೆಗೆ ಬೀಗ. ಆಮೇಲೆ ಎಷ್ಟು ಕಾಗದದಲ್ಲಿ ಬರೆದೆ! ನೀನು ಕಾರ್ಡಿನಲ್ಲಿ 'ಕ್ಷೇಮ' ಅಂದೆ. ಅವರು ಹೋದದ್ದು ಅವರ ಕೈಯಲ್ಲಿರಲಿಲ್ಲ. ನೀನು ಹೋದದ್ದು ನಿನ್ನ ಕೈಯಲ್ಲಿತ್ತು. ಗಂಡ ಹೋದ ವಾರವೇ, ಹೆಗಲ ಮೇಲೆ ತಲೆಯಿಟ್ಟು ಅಳಲು ಗೆಳತಿಯೂ ಇಲ್ಲದ ಹಾಗೆ ಮಾಡಿದೆಯಲ್ಲ, ನನಗೆ ನಿನ್ನ ಮೇಲೆ ಸಿಟ್ಟಿರುವುದು ಅದೊಂದಕ್ಕೇ.

ಬರೀ ಮಾತಿಗೆ ನೀನು ಬಗ್ಗುವವಳಲ್ಲ. ಅದಕ್ಕೆ ಕಾಗದದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಅಜ್ಜಿಯ ಹಳೇ ರೆಕ್ಕೆಯಿಂದ ತೆಗೆದ ಒಂದು ಗೇಣು ಪಕ್ಕೆಲುಬು ಅದು, ಇಂಜಿನಿಯರ್ ಹುಡುಗಿಯನ್ನು ಕೇಳಿ ತಂದೆ. ಮರಕ್ಕೆ ಹುಳ ಹಿಡಿದಿದೆ, ಬಟ್ಟೆ ಉದುರಿಹೋಗಿದೆ. ಮೇಲೆ ನಿನ್ನ ಗಂಟುಗಳಿವೆ, ಅದೇ ವಾರದವು. ಎಳೆದು ನೋಡು. ಎರಡೂ ಕೈಯಲ್ಲಿ, ಇಷ್ಟು ವರ್ಷದ ಸಂಕಟವನ್ನೆಲ್ಲ ಹಾಕಿ ಎಳೆ. ಒಂದಾದರೂ ಬಿಚ್ಚಿಕೊಂಡರೆ ಬರಬೇಡ, ಮತ್ತೆಂದೂ ಕರೆಯುವುದಿಲ್ಲ. ಬಿಚ್ಚದಿದ್ದರೆ ಶನಿವಾರದೊಳಗೆ ಬಾ. ನಾನು ನನ್ನ ಹಳೇ ಜಾಗಕ್ಕೆ ಹೋಗಿ ದಬ್ಬಣವನ್ನು ತೂರಿಸಿಯೇ ಬಂದಿದ್ದೇನೆ. ಮೊನೆ ನಿನ್ನ ಕಡೆಗಿದೆ.