ಒಂದು ನಿಮಿಷದ ಕ್ಷೇಮಸಮಾಚಾರ

ಕಡೂರು,
11 ಮಾರ್ಚ್ 2025, ಮಂಗಳವಾರ

ನನ್ನ ಮುದ್ದು ನಿಖಿತಾ ಕೂಸೇ,

ಹೇಗಿದ್ದೀಯಾ ಮಗಳೇ? ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತಲ್ಲ, ವಾಸಿಯಾಯಿತಾ? ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲಾ ಆ ರಾಜಸ್ಥಾನದ ಟ್ರೈನಿಂಗ್ ಸೆಂಟರಿನಲ್ಲಿ ಎಣ್ಣೆ ಹಚ್ಚುವುದಕ್ಕೂ ಸಲ್ಯೂಟ್ ಹೊಡೆದು ಕೇಳಬೇಕಾ? ಮೂರು ಹೊತ್ತೂ ರೊಟ್ಟಿ ತಿಂದು ನಾಲಿಗೆ ಸತ್ತುಹೋಗಿದೆ ಅಂದಿದ್ದೆ. ನಿನ್ನ ಅಮ್ಮ ಹುರಿಹಿಟ್ಟನ್ನೂ ಚಟ್ನಿಪುಡಿಯನ್ನೂ ಪಾರ್ಸೆಲ್ ಮಾಡಿದ್ದಾಳೆ. ಧಾರಾಳ ತೋರಿಸಿ ಮೊದಲ ದಿನವೇ ಎಲ್ಲರಿಗೂ ಹಂಚಿಬಿಡಬೇಡ, ನಿನಗೂ ಸ್ವಲ್ಪ ಇಟ್ಟುಕೋ. ಬೆಳಗಿನ ಓಟದಲ್ಲಿ ಈಗಲೂ ಕೊನೆಯಲ್ಲೇ ಬರುತ್ತಿದ್ದೀಯಾ? ಬಂದರೆ ಬರಲಿ, ನೀನು ಚಿಕ್ಕಂದಿನಿಂದಲೂ ನಿಧಾನವಾಗಿ ಹೋಗಿ ಕೆಲಸ ಮುಗಿಸಿಕೊಂಡು ಬರುವವಳು. ನಾವೆಲ್ಲ ಆರಾಮ. ನನ್ನ ಮಂಡಿ ಮಾತ್ರ ಎಂದಿನಂತೆ ತನ್ನ ಪಾಡಿಗೆ ಗೊಣಗುತ್ತಿದೆ. ನೋಡು, ನೀನು ಇಟ್ಟುಹೋದ ಮಿಷನ್ನಿನ ಮುಂದೆ ಇಷ್ಟು ಮಾತಾಡಿದ್ದರೆ ಅದು ಆಗಲೇ ಕುಯ್ ಎಂದು ನನ್ನ ಬಾಯಿ ಮುಚ್ಚಿಸಿರುತ್ತಿತ್ತು. ಕಾಗದಕ್ಕೆ ಆ ಕೆಟ್ಟ ಬುದ್ಧಿ ಇಲ್ಲ.

ಈಗ ಮಿಷನ್ನಿನ ಸುದ್ದಿಗೇ ಬರುತ್ತೇನೆ. ನೀನು ಹೊರಡುವ ಮುಂಚೆ ಕಡೂರು, ತರೀಕೆರೆ, ಅಜ್ಜಂಪುರ ಮೂರು ಅಂಗಡಿಗೂ ಒಂದೊಂದು ಸೆಕೆಂಡ್ ಹ್ಯಾಂಡ್ ವಾಯ್ಸ್ ಮೇಲ್ ಡಬ್ಬ ತಂದು, ಮೂರಕ್ಕೂ ಇಂಟರ್ನೆಟ್ಟಿನಲ್ಲಿ ಗಂಟು ಹಾಕಿ, ಇಲ್ಲಿ ಆಡಿದ ಮಾತು ಅರ್ಧ ಗಂಟೆಗೊಮ್ಮೆ ಅಲ್ಲಿನ ಡಬ್ಬಕ್ಕೆ ಹೋಗಿ ಕೇಳುವ ಹಾಗೆ ಮಾಡಿ ಹೋದೆ. ಒಳ್ಳೆಯದೇ ಮಾಡಿದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಒಂದು ಪಂಪು ಟೆಸ್ಟಿಗೆ ನಿಂತರೆ ಫೋನ್ ಹೊಡೆದುಕೊಂಡರೂ ಕೇಳುವುದಿಲ್ಲ. ಮಾರ್ಚ್ ಬಂತೆಂದರೆ ಊರೂರಿನ ಮೋಟಾರು ಸುಟ್ಟುಕೊಂಡು ಬರುತ್ತವೆ, ರೈತರು ಫೋನ್ ಮೇಲೆ ಫೋನ್ ಮಾಡುತ್ತಾರೆ. ಅವರ ಮಾತನ್ನು ಮಿಷನ್ನು ಹಿಡಿದಿಟ್ಟುಕೊಂಡರೆ ಪುಣ್ಯ ಅಂತ ನಾನೂ ಅಂದುಕೊಂಡೆ. ಆದರೆ ಒಂದು ಸಲಕ್ಕೆ ಒಂದೇ ನಿಮಿಷ ಅಂತ ಇಟ್ಟು ಹೋದೆಯಲ್ಲ, ನಮ್ಮ ಸೀಮೆಯವರನ್ನು ನೋಡಿಯೇ ಇಲ್ಲವೇನೇ ನೀನು? ನಮ್ಮಲ್ಲಿ ಯಾರು ತಾನೇ ಯೋಗಕ್ಷೇಮ ಕೇಳದೆ ವಿಷಯಕ್ಕೆ ಬರುತ್ತಾರೆ? ಬಂದರೆ ಅವರನ್ನು ಮನುಷ್ಯರು ಅನ್ನುತ್ತಾರಾ?

ಸಿಂಗಟಗೆರೆ ಬೀರಪ್ಪನ ಕಥೆ ಕೇಳು. ಮೊದಲನೇ ಮೆಸೇಜಿನಲ್ಲಿ ನಿನ್ನ ಅಪ್ಪನ ಆರೋಗ್ಯ, ನನ್ನ ಮಂಡಿ, ನಿನ್ನ ಅಮ್ಮನ ತಂಗಿಯ ಬಾಣಂತನ ಎಲ್ಲ ವಿಚಾರಿಸಿ, "ವಿಷ್ಯ ಏನಪ್ಪಾ ಅಂದ್ರೆ" ಅಂದ, ಕುಯ್. ಎರಡನೆಯದರಲ್ಲಿ, "ಮಧ್ಯದಲ್ಲಿ ಕಟ್ಟಾಯ್ತು ಕಣಪ್ಪಾ, ತಪ್ಪು ತಿಳ್ಕಬೇಡ, ಹಸ ಕರು ಹಾಕ್ತಾ?" ಎಂದು ಶುರು ಮಾಡಿ ಮತ್ತೆ "ವಿಷ್ಯ ಏನಪ್ಪಾ ಅಂದ್ರೆ" ಎನ್ನುವಲ್ಲಿಗೆ ಬಂದ, ಕುಯ್. ಮೂರನೆಯದರಲ್ಲಿ ಮಿಷನ್ನನ್ನೇ ಬೈದ. ಅವನ ಮೋಟಾರಿಗೆ ಏನಾಗಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಇದರಲ್ಲಿ ನನ್ನದೂ ಒಂದು ಕೈ ಇದೆ ಅನ್ನು. ನೀನು ತುಂಬಿಸಿದ್ದ ಆ ಠಾಕುಠೀಕು ದನಿ, "ದಯವಿಟ್ಟು ನಿಮ್ಮ ಸಂದೇಶ ಬಿಡಿ" ಅನ್ನುವುದು, ನನಗೆ ಸರಿ ಕಾಣಲಿಲ್ಲ. ಅದನ್ನು ಅಳಿಸಿ, "ನಾನು ಲಿಂಗಮ್ಮ. ಚೆನ್ನಾಗಿದ್ದೀರಾ? ಮನೇಲೆಲ್ಲ ಹೇಗಿದ್ದಾರೆ?" ಎಂದು ನನ್ನ ದನಿಯಲ್ಲೇ ತುಂಬಿಸಿದ್ದೇನೆ. ಹಾಗೆ ಕೇಳಿದ ಮೇಲೆ ಜನ ಉತ್ತರ ಹೇಳದೆ ಇರುತ್ತಾರಾ? ಪಾಪ, ನಿಮಿಷವೆಲ್ಲ ಅದಕ್ಕೇ ಖರ್ಚಾಗುತ್ತದೆ.

ನಾನು ಅಡ್ಮಿನ್ ಆದದ್ದು ಹೇಗೆ ಅಂತ ನಿನಗೆ ಗೊತ್ತೇ ಇದೆ. ಪಾಸ್‌ವರ್ಡು ನಿನ್ನ ಅಪ್ಪನ ಕೈಗೆ ಕೊಟ್ಟರೆ ನಿನ್ನ ಚಿಕ್ಕಪ್ಪ ಡಬ್ಬ ಕಿತ್ತು ಬಿಸಾಕುತ್ತೇನೆ ಅಂದ. ಚಿಕ್ಕಪ್ಪನ ಕೈಗೆ ಕೊಟ್ಟರೆ ಅಪ್ಪ ಡಬ್ಬವನ್ನು ಅಂಗಡಿಗೇ ಸೇರಿಸುವುದಿಲ್ಲ ಅಂದ. ಇಬ್ಬರಿಗೂ ತಾಯಿ ಒಬ್ಬಳೇ ಇರುವುದರಿಂದ ಪಾಸ್‌ವರ್ಡು ನನ್ನ ಪಾಲಿಗೆ ಬಂತು. ನಿನ್ನ ಅಪ್ಪ ದೇವರಾಜನೂ ಚಿಕ್ಕಪ್ಪ ರುದ್ರಮೂರ್ತಿಯೂ ಮಾತು ಬಿಟ್ಟು ನಾಲ್ಕು ವರ್ಷ ಆಯಿತಲ್ಲೇ. ಅದೂ ಎಂಥ ಕಾರಣಕ್ಕೆ! ಇದೇ ಬೀರಪ್ಪನ ಕೊಳವೆಬಾವಿಗೆ ಮೋಟಾರು ಇಳಿಸುವಾಗ ಹಗ್ಗ ಜಾರಿ, ಮೋಟಾರು ಪಾತಾಳ ಸೇರಿತು. ಹಗ್ಗ ಬಿಟ್ಟವನು ನೀನು ಅಂತ ಇವನು, ನೀನು ಅಂತ ಅವನು. ಮೋಟಾರು ಇನ್ನೂ ಅಲ್ಲೇ ಇದೆ, ಇವರ ಹಟವೂ ಅಲ್ಲೇ ಇದೆ. ಅಂದಿನಿಂದ ನಿನ್ನ ಅಪ್ಪನ ಕಡೂರಿನ ಮಾತು ಚಿಕ್ಕಪ್ಪನ ತರೀಕೆರೆಗೆ ಹೋಗಬೇಕೆಂದರೆ ಅಜ್ಜಂಪುರದ ಮೇಲೆಯೇ ಹೋಗಬೇಕು. ಅಲ್ಲಿಯ ಅಂಗಡಿ ನೋಡಿಕೊಳ್ಳುವ ನಿನ್ನ ಸೋದರತ್ತೆ ಅನುಪಮಾ ಒಂದು ದಿನ ಅತ್ತುಕೊಂಡೇ ಕೇಳಿದಳು, "ಅಮ್ಮಾ, ನಾನು ಇಲ್ಲಿ ಅಂಗಡಿ ನಡೆಸ್ಲಾ, ಇವರಿಬ್ರ ಪೋಸ್ಟಾಫೀಸು ನಡೆಸ್ಲಾ?" ವಾಟ್ಸಾಪು ಇತ್ತಲ್ಲ ಅನ್ನಬೇಡ. ಅದರಲ್ಲಿ ನೀಲಿ ಗೆರೆ ಬಂದರೆ ನೋಡಿದ್ದಾನೆ ಅಂತ ಗೊತ್ತಾಗುತ್ತದೆ. ನೋಡಿದವನು ಸೋತ ಹಾಗೆ. ನಾನು ಹೇಳದೆ ಇದ್ದರೂ ನಿನಗೆ ಗೊತ್ತು ಕೂಸೇ, ನನಗೆ ಈ ವಯಸ್ಸಿನಲ್ಲಿ ಬೇರೆ ಯಾವ ಆಸೆಯೂ ಇಲ್ಲ. ಕಣ್ಣು ಮುಚ್ಚುವುದರೊಳಗೆ ನನ್ನ ಎರಡು ಗಂಡುಮಕ್ಕಳು ಒಬ್ಬರ ಜೊತೆ ಒಬ್ಬರು ಮಾತಾಡುವುದನ್ನು ಕಿವಿಯಾರೆ ಕೇಳಬೇಕು, ಅಷ್ಟೇ.

ಮಿಷನ್ನು ಬಂದ ಹೊಸತರಲ್ಲಿ ನಿನ್ನ ಅಪ್ಪ ಅದರ ಹತ್ತಿರಕ್ಕೂ ಹೋಗಲಿಲ್ಲ. ಒಂದು ದಿನ ತರೀಕೆರೆಯಿಂದ ತಾಮ್ರದ ತಂತಿ ಬೇಕಾಗಿತ್ತು, ಅನುಪಮಾ ಅಂತರಘಟ್ಟೆ ಅಮ್ಮನ ಗುಡಿಗೆ ಹೋಗಿದ್ದಳು. ಬೇರೆ ದಾರಿ ಇಲ್ಲದೆ ರಿಸೀವರ್ ಎತ್ತಿದ. ನಾನು ಅವನ ಮುಖ ನೋಡಿದೆ. "ನೋಡಮ್ಮ, ನಾನೇನು ಅವನ ಹತ್ರ ಮಾತಾಡ್ತಿಲ್ಲ. ಮಿಷನ್ ಹತ್ರ ಮಾತಾಡ್ತಿದೀನಿ" ಅಂದ. ಸರಿಯಪ್ಪಾ, ಮಿಷನ್ ಹತ್ತಿರವೇ ಮಾತಾಡು ಅಂದೆ. ಬಾಯಿ ತೆರೆದ ಮೇಲೆ ಒಮ್ಮೆಲೇ ತಂತಿ ಕಳಿಸು ಅನ್ನಲು ಅವನ ನಾಲಿಗೆ ಏಳಲಿಲ್ಲ. ನಾನು ಹಾಗೆ ಬೆಳೆಸಿಲ್ಲ. "ಹೆಂಗಿದೀಯ? ಪ್ರತಿಮಾ ಹೆಂಗವಳೆ? ಬೆನ್ನು ನೋವು ಅಂತಿದ್ಲಂತೆ" ಎಂದು ನಿನ್ನ ಚಿಕ್ಕಮ್ಮನನ್ನೂ ಕೇಳಿದ. ಹೀಗೆ ಒಬ್ಬೊಬ್ಬರನ್ನೇ ವಿಚಾರಿಸಿ ಮುಗಿಸುವುದರೊಳಗೆ ಕುಯ್. ಅರ್ಧ ಗಂಟೆಗೆ ಸರಿಯಾಗಿ ಡಬ್ಬಗಳು ಮಾತು ಬದಲಾಯಿಸಿಕೊಂಡವು, ಮುಂದಿನ ಅರ್ಧ ಗಂಟೆಗೆ ತರೀಕೆರೆಯಿಂದ ಉತ್ತರ ಬಂತು: "ಬೆನ್ನು ವಾಸಿ. ನಿನ್ ಶುಗರ್ ಹೆಂಗೈತೆ? ಬೆಳಿಗ್ಗೆ ಬೆಳಿಗ್ಗೆ ಬಾಳೆಹಣ್ಣು ತಿಂತಿದೀಯಂತೆ, ಮೈಮೇಲೆ ಗ್ಯಾನ ಐತಾ?" ಕುಯ್. ತಂತಿಯ ವಿಷಯ ಇಬ್ಬರೂ ಎತ್ತಲಿಲ್ಲ. ನಾನೇ ಬಸ್ಸಿನ ಕಂಡಕ್ಟರಿಗೆ ಹೇಳಿ ತಂತಿ ತರಿಸಿದೆ.

ಅಲ್ಲಿಂದ ದಿನಾ ಇದೇ ಪಾಠ. ನಿನ್ನ ಅಪ್ಪನ ಕೈಗೆ ಸದಾ ವಾರ್ನಿಶ್ ಮೆತ್ತಿರುತ್ತದಲ್ಲ, ಅದಕ್ಕೆ ಸ್ಪೀಕರಿನಲ್ಲೇ ಹಾಕಿ ಕೇಳುತ್ತಾನೆ. ಹೀಗಾಗಿ ಇಡೀ ಅಂಗಡಿಗೆ ರುದ್ರಮೂರ್ತಿಯ ಅಜೀರ್ಣದ ಪೂರ್ತಿ ವಿವರ ಗೊತ್ತು. ಒಮ್ಮೆ ಅಜ್ಜಂಪುರದಲ್ಲಿ ಕರೆಂಟು ಹೋಗಿ, ಅನುಪಮಾಗೆ ಇವನು ಕಳಿಸಿದ ಮೆಸೇಜು ಮೂರು ಸಲ ಬಾಗಿಲು ತಟ್ಟಿ ವಾಪಸು ಬಂತು. ಇವನು ಕೆಲಸದ ಗಡಿಬಿಡಿಯಲ್ಲಿ ಗುಂಡಿ ಒತ್ತಿದ. "ಹೆಂಗಿದೀಯವ್ವಾ, ಊಟ ಆಯ್ತಾ?" ಎಂದು ಅವನದೇ ದನಿ ಅವನನ್ನೇ ಕೇಳಿತು. "ಇನ್ನೂ ಇಲ್ಲ" ಅಂದುಬಿಟ್ಟ, ಪುಣ್ಯಾತ್ಮ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಎರಡು ದಿನ ನನ್ನ ಮೇಲೆ ಮುಖ ಊದಿಸಿಕೊಂಡಿದ್ದ.

ಈಗ ಹೋದ ಗುರುವಾರದ ವಿಷಯಕ್ಕೆ ಬರುತ್ತೇನೆ, ಸರಿಯಾಗಿ ಕೇಳು. ಮಧ್ಯಾಹ್ನ ತರೀಕೆರೆಯಿಂದ ಮೆಸೇಜು ಬಂತು. ಎಂದಿನ ಹಾಗೆ ಎಲ್ಲ ವಿಚಾರಿಸಿ ನಿನ್ನ ಚಿಕ್ಕಪ್ಪ, "ನಾನೂ ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ ಕಣಣ್ಣ. ತಲೆ ಗಿರ್ ಅಂತಿತ್ತು. ಡಾಕ್ಟ್ರು ಏನಂದ್ರು ಅಂದ್ರೆ" ಅಂದ. ಕುಯ್. ನಿನ್ನ ಅಪ್ಪ ಮಿಷನ್ನಿನ ಮುಂದೆಯೇ ನಿಂತ. ಅರ್ಧ ಗಂಟೆ ಆಯಿತು, ಮುಂದಿನ ಮೆಸೇಜು ಬರಲಿಲ್ಲ. ಮತ್ತೆ ಅರ್ಧ ಗಂಟೆ ಆಯಿತು. ತರೀಕೆರೆಯಲ್ಲಿ ಚರಂಡಿ ಅಗೆಯುವವರು ಕೇಬಲ್ಲು ಕತ್ತರಿಸಿಬಿಟ್ಟಿದ್ದರು. ಅಲ್ಲಿಯ ಡಬ್ಬ ಅಲ್ಲಿಗೇ, ಇಲ್ಲಿಯದು ಇಲ್ಲಿಗೇ ಆಗಿತ್ತು. ಇವನು ವೈಂಡಿಂಗ್ ಸುತ್ತುತ್ತಿದ್ದವನು ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ. "ಅಮ್ಮಾ, ಪ್ರತಿಮಾಗೆ ಒಂದು ಫೋನ್ ಮಾಡು" ಅಂದ. ಮೊಬೈಲಿನಲ್ಲಿ ಚಾರ್ಜಿಲ್ಲ ಅಂದೆ. ಚಾರ್ಜು ಇತ್ತು ಮಗಳೇ. ಡಾಕ್ಟರು ಏನಂದರು ಅಂತ ಪ್ರತಿಮಾ ನನಗೆ ಬೆಳಿಗ್ಗೆಯೇ ಹೇಳಿದ್ದಳು: ಬಿ.ಪಿ. ಸ್ವಲ್ಪ ಜಾಸ್ತಿ, ಉಪ್ಪು ಕಡಿಮೆ ಮಾಡಿ, ಅಷ್ಟೇ. ಆದರೆ ಇವನ ಮುಖ ನೋಡುತ್ತಾ ನೋಡುತ್ತಾ ನನಗೆ ಹೇಳುವ ಮನಸ್ಸೇ ಬರಲಿಲ್ಲ. ಪಾಪದ ಕೆಲಸವಾದರೆ ನನ್ನ ತಲೆಗಿರಲಿ. ಸ್ವಲ್ಪ ಹೊತ್ತಿಗೆ ಕೈಯ ವಾರ್ನಿಶ್ಶನ್ನೂ ಒರೆಸಿಕೊಳ್ಳದೆ ಸ್ಕೂಟರ್ ಹತ್ತಿ ಹೊರಟೇಬಿಟ್ಟ.

ಮುಂದಿನದನ್ನು ಪ್ರತಿಮಾ ಹೇಳಿದಳು, ಹೇಳುವಾಗ ಅವಳಿಗೆ ನಗು ತಡೆಯುತ್ತಿರಲಿಲ್ಲ. ನಿನ್ನ ಅಪ್ಪ ಬೆವರು ಸುರಿಸುತ್ತಾ ತರೀಕೆರೆ ಅಂಗಡಿಯೊಳಗೆ ನಿಂತಿದ್ದಾನೆ. ನಿನ್ನ ಚಿಕ್ಕಪ್ಪ ಎದುರಿಗೇ ಇದ್ದಾನೆ. ಪ್ರತಿಮಾ ಗೋಡೆಗೆ ಹೇಳುವಂತೆ, "ಉಪ್ಪು ಕಮ್ಮಿ ಮಾಡ್ಬೇಕಂತೆ, ಇನ್ನೇನಿಲ್ಲ" ಅಂದಳು. ಇವನು ಉಸ್ಸೆಂದು ಸ್ಟೂಲಿನ ಮೇಲೆ ಕೂತ. ಆಮೇಲೆ ಎದ್ದು ಅಲ್ಲಿದ್ದ ಫೋನ್ ಎತ್ತಿ, ರುದ್ರಮೂರ್ತಿಯ ಡಬ್ಬದ ನಂಬರು ಒತ್ತಿ, ಒಂದು ಮಾರು ದೂರದಲ್ಲಿ ನಿಂತ ತಮ್ಮನಿಗೆ ಬೆನ್ನು ಮಾಡಿ ಮಿಷನ್ನಿಗೆ ಹೇಳಿದ: "ಉಪ್ಪಿನಕಾಯಿ ಜಾಡಿ ನೆಕ್ಕೋದು ಬಿಡಬೇಕು. ಹಪ್ಪಳ ಮುಟ್ಟಂಗಿಲ್ಲ. ಏನಾರ ಆದ್ರೆ ನಾನು ಯಾರನ್ನ ಬೈಯ್ಲಿ?" ಕುಯ್. ರಿಸೀವರನ್ನು ಮೇಜಿನ ಮೇಲೆ ಇಟ್ಟ. ಅದನ್ನು ನಿನ್ನ ಚಿಕ್ಕಪ್ಪ ಎತ್ತಿಕೊಂಡು, ಕಡೂರಿನ ನಂಬರು ಒತ್ತಿ, ಅವನೂ ಮಿಷನ್ನಿಗೆ ಹೇಳಿದ. ಹೀಗೆ ಒಂದೇ ರಿಸೀವರು, ನಿಮಿಷಕ್ಕೊಬ್ಬರ ಕೈಗೆ. ಮೋಟಾರು ಬಿಡಿಸಿಕೊಳ್ಳಲು ಬಂದಿದ್ದ ರೈತರು ಸಾಲಾಗಿ ಕೂತು ನೋಡಿದರಂತೆ. ಕಾಫಿ ಕುಡಿದು ಇವನು ಹೊರಟು ಬಂದ. ನೇರವಾಗಿ ಒಂದು ಮಾತೂ ಆಡಲಿಲ್ಲ ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿಕೊಂಡ.

ಶನಿವಾರ ಕೇಬಲ್ಲು ಸರಿಹೋಗಿ, ತರೀಕೆರೆಯಲ್ಲಿ ಕಟ್ಟಿಬಿದ್ದಿದ್ದ ಮಾತೆಲ್ಲ ಒಟ್ಟಿಗೆ ನಮ್ಮ ಡಬ್ಬಕ್ಕೆ ಬಂದು ಬಿತ್ತು. ನಿನ್ನ ಅಪ್ಪ ಊಟಕ್ಕೆ ಹೋಗಿದ್ದ. ನಾನು ಸ್ಪೀಕರ್ ಹಾಕಿದೆ. ರುದ್ರಮೂರ್ತಿಯ ದನಿ: "ಈ ಉರಿಬಿಸಿಲಲ್ಲಿ ಗಾಡಿ ಓಡಿಸ್ಕಂಡು ಬರೋ ಅಗತ್ಯ ಏನಿತ್ತು ನಿಂಗೆ?" ಅದರ ಹಿಂದೆ, ದೂರದಿಂದ, ಸಣ್ಣಗೆ ಇನ್ನೊಂದು ದನಿ: "ಬಿಸಿಲೇನ್ ಮಾಡುತ್ತೆ ಬಿಡೋ." ಆಮೇಲೆ ರುದ್ರಮೂರ್ತಿ, "ಟೋಪಿನಾದ್ರೂ ಹಾಕ್ಕಂಡ್ ಬರಬಾರ್ದಾ?" ಹಿಂದಿನಿಂದ ನಿನ್ನ ಅಪ್ಪ, "ಹುಡುಕ್ದೆ ಕಣೋ, ಸಿಗ್ಲಿಲ್ಲ." ಕುಯ್. ಮಾತಾಡಿದ್ದಾರೆ ಕೂಸೇ! ಇಬ್ಬರಿಗೂ ಗೊತ್ತೇ ಆಗಿಲ್ಲ. ನಾನು ಕೌಂಟರಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಒಬ್ಬ ಗಿರಾಕಿ ಪಾಪ ನೀರು ತಂದುಕೊಟ್ಟ. ತಿಂಗಳು ಕಳೆದರೆ ಮಿಷನ್ನು ಹಳೆಯ ಮೆಸೇಜನ್ನು ತಾನೇ ಅಳಿಸುತ್ತದೆ ಅಂದಿದ್ದೆಯಲ್ಲ, ಇದೊಂದನ್ನು ಅಳಿಸದ ಹಾಗೆ ಬೀಗ ಹಾಕಿದ್ದೇನೆ. ದಿನಾ ಒಮ್ಮೆ ಕೇಳುತ್ತೇನೆ.

ಇನ್ನು ಉಳಿದ ಸುದ್ದಿ ಏನೂ ಇಲ್ಲ. ಹಸ ಹೆಣ್ಣು ಕರು ಹಾಕಿದೆ. ನಿನ್ನ ಹೆಸರಿಡೋಣ ಅಂದರೆ ನಿನ್ನ ಅಮ್ಮ ಒಪ್ಪುತ್ತಿಲ್ಲ. ಹೊಟ್ಟೆ ತುಂಬ ಉಣ್ಣು, ನೀರು ಚೆನ್ನಾಗಿ ಕುಡಿ, ನಿನ್ನ ರೂಮಿನ ಹುಡುಗಿಯರನ್ನೂ ಕೇಳಿದೆ ಅಂತ ಹೇಳು. ನಿನ್ನ ತಾತ ಲಕ್ಕಣ್ಣನವರು ಇದ್ದಿದ್ದರೆ ನಿನ್ನನ್ನು ಖಾಕಿಯಲ್ಲಿ ನೋಡಿ ಮೊದಲು ಮೀಸೆ ತಿರುವುತ್ತಿದ್ದರು, ಆಮೇಲೆ ಅಳುತ್ತಿದ್ದರು. ಅವರ ಪಾಲಿನದೂ ಸೇರಿಸಿ ನಿನ್ನ ತಲೆ ಸವರಿದ್ದೇನೆ ಅಂದುಕೋ.

ನಿನ್ನ ಹಾದಿ ಕಾಯುತ್ತಿರುವ ಅಜ್ಜಿ,
ಲಿಂಗಮ್ಮ
ಅಡ್ಮಿನ್, ಲಕ್ಕಣ್ಣ ಮೋಟಾರ್ ವರ್ಕ್ಸ್, ಮೂರೂ ಅಂಗಡಿ

ಮರೆತಿದ್ದೆ: ಪೋಸ್ಟ್ ಡಬ್ಬ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನ್ನ ಭಾನುವಾರದ ಫೋನಿನಲ್ಲಿ ಇದನ್ನು ಹೇಳುವಂತಿಲ್ಲ, ನಿನ್ನ ಅಪ್ಪ ಸ್ಪೀಕರ್ ಹಾಕುತ್ತಾನೆ. ಒಂದು ನಿಮಿಷ ಸಾಲದು, ಐದು ನಿಮಿಷ ಮಾಡು ಅಂತ ಅವನು ನನ್ನ ಪ್ರಾಣ ತಿನ್ನುತ್ತಿದ್ದಾನೆ, ತರೀಕೆರೆಯವನೂ ಅದನ್ನೇ ಕೇಳುತ್ತಿದ್ದಾನೆ. ನನಗೆ ಬರುವುದಿಲ್ಲ ಅಂದಿದ್ದೇನೆ. ಬರುತ್ತದೆ, ನೀನು ಹೇಳಿಕೊಟ್ಟ ಮೊದಲ ದಿನವೇ ಬರುತ್ತಿತ್ತು. ಈ ಭಾನುವಾರ ಅವನು ನಿನ್ನನ್ನೇ ಕೇಳುತ್ತಾನೆ. ಆ ಮಿಷನ್ನಿನಲ್ಲಿ ಆಗುವುದೇ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಡು. ಐದು ನಿಮಿಷ ಸಿಕ್ಕರೆ ಅವರು ಹಗ್ಗ ಬಿಟ್ಟವರು ಯಾರು ಅನ್ನುವಲ್ಲಿಗೆ ಬಂದೇ ಬರುತ್ತಾರೆ. ಒಂದು ನಿಮಿಷದಲ್ಲಿ ಹೆಂಗಿದೀಯ ಅನ್ನುವುದಕ್ಕಷ್ಟೇ ಜಾಗ.