ನಿಮ್ಮಪ್ಪ ಒಪ್ಪಿದರು

ಮಾರ್ಚ್ ೧೭, ಭಾನುವಾರ
ಅಡುಗೆಮನೆಯ ಮೇಜಿನಿಂದ

ಪ್ರೀತಿಯ ಪುಟ್ಟಿ,

ಮೊದಲು ನಿನ್ನ ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ಆಮೇಲೆ ನಿನಗೆ ಆಶೀರ್ವಾದ. ಸರದಿ ತಪ್ಪಿತು ಅಂತ ಮುಖ ಊದಿಸಿಕೊಳ್ಳಬೇಡ. ಮೊಮ್ಮಗಳು ಬಂದ ಮೇಲೆ ಮಗಳು ಹಿಂದಿನ ಬೆಂಚಿಗೆ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಎರಡು ಹಲ್ಲು ಬಂತೆಂದು ಬರೆದಿದ್ದೀಯ. ನಿನಗೂ ಮೊದಲು ಕೆಳಗಿನವೇ ಬಂದದ್ದು, ಬಂದ ದಿನವೇ ನಿಮ್ಮಪ್ಪನ ಬೆರಳು ಕಚ್ಚಿದ್ದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಒಂದಲ್ಲ ಒಂದು ಕೆಲಸ ಬಂತು ಎಂದರೆ ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯ ಫೋನ್ ಇನ್ನೂ ಮುಂದಿನ ಕೋಣೆಯ ಗೋಡೆಯಲ್ಲೇ ಇದೆ, ಈಗ ನಿಮ್ಮಪ್ಪನ ಮಂಚವೂ ಅಲ್ಲೇ ಇದೆ. ಅವರು ಮೈಯೆಲ್ಲ ಕಿವಿಯಾಗಿ ಮಲಗಿರುತ್ತಾರೆ. ಅವರ ಎದುರಿಗೇ ಅವರ ವಿಷಯ ಆಡಲು ನನಗೆ ಬಾಯಿ ಬರುವುದಿಲ್ಲ.

ಹೋದ ಸಲ ಬರೆದಾಗ ಅಪ್ಪನಿಗೆ ಲಕ್ವ ಹೊಡೆದಿದೆ, ಬಲಗೈ ಬಲಗಾಲು ಏಳುವುದಿಲ್ಲ, ಮಾತು ಸ್ವಲ್ಪ ತೊಡರುತ್ತದೆ ಎಂದಷ್ಟೇ ತಿಳಿಸಿದ್ದೆ. ನೀನು ಗಾಬರಿಯಾಗುತ್ತೀಯ ಅಂತ ಹಾಗೆ ಬರೆದೆ. ತೊಡರುವುದಲ್ಲ ಪುಟ್ಟಿ, ಮಾತೇ ಹೋಗಿದೆ. ಹುಟ್ಟಿದಾಗಿನಿಂದ ಆಡಿದ ಮನೆಮಾತು ಪೂರ್ತಿ ಅಳಿಸಿಹೋಗಿದೆ. ನೀರು ಬೇಕು ಎನ್ನಲು ಬರುವುದಿಲ್ಲ. ನನ್ನನ್ನು ಕರೆಯುತ್ತಿದ್ದ ‘ಇವಳೇ’ ಕೂಡ ಹೋಯಿತು. ಹೆಂಡತಿಗೊಂದು ಹೆಸರಿಲ್ಲವೇ ಎಂದು ಎಷ್ಟು ವರ್ಷ ನಾನು ಸಿಡಿಮಿಡಿಗುಟ್ಟಿದ್ದೇನೆ. ಈಗ ಒಂದೇ ಒಂದು ಸಲ ಆ ಇವಳೇ ಕೇಳಿದರೆ ಸಾಕು ಅನಿಸುತ್ತದೆ.

ಉಳಿದಿರುವುದು ಏನು ಗೊತ್ತೇ? ಅವರ ನಾಲ್ಕನೇ ಪಾಠ.

ನಿನಗೆ ನೆನಪಿರಬೇಕು. ಮುಂದಿನ ಕೋಣೆಯಲ್ಲಿ ಬೆಂಚು ಹಾಕಿ ಇಂಗ್ಲಿಷ್ ಮಾತಾಡಲು ಕಲಿಸುವಾಗ, ಹೊಸ ತಂಡ ಬಂದಾಗಲೆಲ್ಲ, ನಾಲ್ಕನೇ ದಿನ ಅದೇ ಪಾಠ: ಒಬ್ಬರ ಮಾತನ್ನು ಒಪ್ಪುವುದು ಹೇಗೆ. “ಎಸ್ ಎಸ್ ಅಂತ ತಲೆ ಆಡಿಸೋದಕ್ಕೆ ಇಂಗ್ಲಿಷ್ ಯಾಕೆ ಬೇಕು? ಒಪ್ಪಿಗೆಗೂ ಒಂದು ತೂಕ ಇರುತ್ತೆ” ಎಂದು ಶುರು ಮಾಡುತ್ತಿದ್ದರು. ಮನಸಾರೆ ಒಪ್ಪಿದರೆ ಅಬ್ಸಲ್ಯೂಟ್ಲಿ. ನನ್ನ ಮನಸ್ಸಿನಲ್ಲಿದ್ದದ್ದನ್ನೇ ನೀನು ಹೇಳಿದೆ ಎನ್ನುವಂತಿದ್ದರೆ ಎಕ್ಸಾಕ್ಟ್ಲಿ. ಎದುರಿನವನ ಕಷ್ಟವನ್ನು ತಾನೂ ಪಟ್ಟಿದ್ದರೆ ಟೆಲ್ ಮಿ ಅಬೌಟ್ ಇಟ್. ಅರೆಮನಸ್ಸಾದರೆ ಐ ಸಪೋಸ್ ಸೋ. ವಾದ ಮಾಡಿ ಮಾಡಿ, ಇವನ ಮಾತಲ್ಲೂ ನ್ಯಾಯವಿದೆ ಎನಿಸಿ ಬಿಟ್ಟುಕೊಡುವಾಗ ಫೇರ್ ಎನಫ್. ಇದು ಸೋತವನು ಮರ್ಯಾದೆ ಉಳಿಸಿಕೊಂಡು ಹೇಳುವ ಮಾತು ಎನ್ನುತ್ತಾ ಕನ್ನಡಕ ತೆಗೆದು ಒರೆಸುತ್ತಿದ್ದರು. ಗೋಡೆಯ ಈಚೆ ಪಾತ್ರೆ ತೊಳೆಯುತ್ತಾ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಹಾಗೆ ಕಲಿಸಿದವರು ಮನೆಯಲ್ಲಿ ಯಾರಿಗೂ ಫೇರ್ ಎನಫ್ ಅಂದದ್ದು ನಾನು ಕೇಳಿಲ್ಲ. ಪರದೆಗೆ ಯಾವ ಬಣ್ಣ ಎಂಬುದರಿಂದ ಹಿಡಿದು ನಿನ್ನ ಮದುವೆಯವರೆಗೆ, ನಾನು ಪೂರ್ವ ಅಂದರೆ ಅವರದು ಪಶ್ಚಿಮ.

ಈಗ ಅದೇ ಮನುಷ್ಯ ಎಲ್ಲದಕ್ಕೂ ಒಪ್ಪುತ್ತಾರೆ. ಏನು ಕೇಳಿದರೂ ಆ ಪಾಠದ್ದೇ ಒಂದು ಮಾತು, ಅಚ್ಚುಕಟ್ಟಾಗಿ, ಒಂದಕ್ಷರ ತೊದಲದೆ. ಆಸ್ಪತ್ರೆಯಿಂದ ಮಾತು ಕಲಿಸುವ ಹುಡುಗಿಯೊಬ್ಬಳು ಬರುತ್ತಾಳೆ. “ಯೋಚಿಸಿ ಆಡೋ ಮಾತು ತಲೇಲಿ ಒಂದು ಕಡೆ ಇರುತ್ತೆ ಆಂಟಿ, ರೂಢಿಯಿಂದ ಬಾಯಿಗೆ ಬರೋದು ಇನ್ನೊಂದು ಕಡೆ. ಅಂಕಲ್‌ಗೆ ಈ ರೂಢೀದಷ್ಟೇ ಉಳಿದಿದೆ” ಎಂದಳು. ಯಾವುದನ್ನು ಆರಿಸಿ ಹೇಳಬೇಕೆಂಬುದು ಅವರ ಕೈಯಲ್ಲಿಲ್ಲವಂತೆ, ಬಾಯಿಗೆ ಬಂದದ್ದು ಬರುತ್ತದಂತೆ. ಅದಕ್ಕೇ ಅವಳೊಂದು ಉಪಾಯ ಹೇಳಿಕೊಟ್ಟಿದ್ದಾಳೆ. ಏನೇ ಕೇಳಬೇಕಿದ್ದರೂ ಒಮ್ಮೆ ನೇರ ಕೇಳಬೇಕು, ಒಮ್ಮೆ ತಿರುಗಿಸಿ ಕೇಳಬೇಕು. ಕಿಟಕಿ ತೆಗೀಲಾ, ಆಮೇಲೆ ಕಿಟಕಿ ಮುಚ್ಚಲಾ. ಎರಡಕ್ಕೂ ಒಂದೇ ಉತ್ತರ ಬಂದರೆ ಅದನ್ನು ಉತ್ತರ ಎಂದುಕೊಳ್ಳಬಾರದು. ಇಷ್ಟು ದಿನದಲ್ಲಿ ಒಂದು ಸಲವೂ ಬೇರೆ ಬೇರೆ ಉತ್ತರ ಬಂದಿಲ್ಲ. ನಾನು ಕಿಟಕಿಯನ್ನು ಅರ್ಧ ತೆಗೆದು ಸುಮ್ಮನಾಗುತ್ತೇನೆ. ಊಟ ಬೇಡವಾದರೆ ತುಟಿ ಬಿಗಿದು ಮುಖ ತಿರುಗಿಸುತ್ತಾರೆ, ಅದೊಂದೇ ನನಗೆ ತಿಳಿಯುವ ಬೇಡ.

ಊರಿನವರಿಗೆ ಇದು ಅರ್ಥವಾಗುವುದಿಲ್ಲ. ಮೊನ್ನೆ ಕ್ಷೌರದವನು ಬಂದಿದ್ದ, ಅವರ ತಲೆ ಮೊದಲಿಂದಲೂ ಅವನ ಕೈಲೇ. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ಚೊಕ್ಕವಾಗಿರಲಿ ಎಂದು, ಮೀಸೆನೂ ತೆಗೆದುಬಿಡಲಾ ಮೇಷ್ಟ್ರೇ ಎಂದು ಕೇಳಿದ್ದಾನೆ. ಇವರು ಅಬ್ಸಲ್ಯೂಟ್ಲಿ ಅಂದಿದ್ದಾರೆ. ನಾನು ಬರುವಷ್ಟರಲ್ಲಿ ಅರ್ಧ ಮೀಸೆ ಟವೆಲ್ಲಿನ ಮೇಲಿತ್ತು. ಇನ್ನೇನು ಮಾಡುವುದು, ಉಳಿದರ್ಧವನ್ನೂ ತೆಗೆ ಎಂದೆ. ನಮ್ಮ ಮದುವೆಯ ದಿನವೂ ಇದ್ದ ಮೀಸೆ ಅದು. ಪಾಪ, ಆತ ಕತ್ತರಿ ಒರೆಸುತ್ತಾ ಅತ್ತೇಬಿಟ್ಟ. ಅವನನ್ನು ಸಮಾಧಾನ ಮಾಡುವುದೂ ನನ್ನ ಕೆಲಸವಾಯಿತು. ನೀನು ಬಂದು ನೋಡಿದರೆ ಯಾರೋ ಬೇರೆಯವರು ಮಲಗಿದ್ದಾರೆ ಅಂದುಕೊಳ್ಳುತ್ತೀಯ.

ಕೆಳಗಿನ ಮನೆಯವನ ಕಥೆ ಇನ್ನೂ ಚೆನ್ನ. ಮೆಟ್ಟಿಲ ಬುಡದಲ್ಲಿ ಸ್ಕೂಟರ್ ನಿಲ್ಲಿಸುವ ವಿಷಯಕ್ಕೆ ನಿಮ್ಮಪ್ಪನಿಗೂ ಅವನಿಗೂ ಮಾತು ಬಿಟ್ಟು ವರ್ಷಗಳಾಗಿದ್ದವಲ್ಲ. ಯೋಗಕ್ಷೇಮ ವಿಚಾರಿಸುವ ನೆಪದಲ್ಲಿ ಬಂದ, ಕುರ್ಚಿ ಎಳೆದುಕೊಂಡು ಕೂತ, ಇನ್ನು ಸ್ಕೂಟರ್ ಅಲ್ಲೇ ಇಟ್ಟುಕೊಳ್ತೀನಿ ಸಾರ್ ಎಂದ. ಇವರು ಆಫ್ ಕೋರ್ಸ್ ಅಂದರು. ಅವನು ನನ್ನ ಕಡೆ ತಿರುಗಿ, ಸಾರೇ ಒಪ್ಪಿದ್ದಾರೆ ಎಂದು ಹಲ್ಲು ಕಿರಿದ. ನಾನು ಏನಂತ ಜಗಳ ಮಾಡಲಿ? ಅವರಿಗೆ ಬುದ್ಧಿ ಇಲ್ಲ ಎಂದು ಅವರ ಎದುರಿಗೇ ಹೇಳಲೇ? ಬುದ್ಧಿ ಇದೆ ಪುಟ್ಟಿ. ಅವನು ಹೋದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವರು ಆ ದಿನ ಊಟಕ್ಕೆ ತುಟಿ ತೆರೆಯಲಿಲ್ಲ.

ಹಳೇ ವಿದ್ಯಾರ್ಥಿಗಳೂ ಬರುತ್ತಾರೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವವನು ಬಂದು ತನ್ನ ಮೇಲಿನವರನ್ನೆಲ್ಲ ಮನಸೋ ಇಚ್ಛೆ ಬೈದ. ಇವರು ಎಕ್ಸಾಕ್ಟ್ಲಿ, ಯೂ ಕ್ಯಾನ್ ಸೇ ದಟ್ ಅಗೇನ್ ಎಂದು ಸರಿಯಾಗಿ ತಾಳ ಹಾಕಿದರು. ಮೇಷ್ಟ್ರು ಒಂಚೂರೂ ಬದಲಾಗಿಲ್ಲ, ಈಗ ಇನ್ನೂ ಚೆನ್ನಾಗಿ ಕೇಳಿಸ್ಕೋತಾರೆ ಎಂದು ಸಂತೋಷಪಟ್ಟುಕೊಂಡು ಹೋದ. ನಾನು ನಗಲಿಲ್ಲ. ಅಡುಗೆಮನೆಗೆ ಬಂದು ತೊಳೆದ ಲೋಟವನ್ನೇ ಮತ್ತೆ ತೊಳೆದೆ.

ಈಗ ನಿನ್ನ ವಿಷಯ. ನಾನಾಗಿ ಹೂಂ ಅನ್ನುವ ತನಕ ಈ ಮೆಟ್ಟಿಲು ಹತ್ತಬೇಡ ಎಂದು ಅವತ್ತು ಅವರು ಹೇಳಿದರು. ಲಿಫ್ಟ್ ರಿಪೇರಿ ಮಾಡುವವನು, ಮೊದಲೇ ಒಂದು ಮದುವೆಯಾಗಿ ಬಿಟ್ಟವನು, ತಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೂ ಬಾಯಿ ಬಿಡದವನು, ಅಂಥವನನ್ನು ಮಗಳು ಆರಿಸಿಕೊಂಡಳು ಎಂಬ ಸಿಟ್ಟು ಅವರಿಗೆ. ನೀನೂ ಅವರದೇ ಮಗಳು. ಅವರು ಹೇಳಿದ್ದನ್ನು ಚಾಚೂ ತಪ್ಪದೆ ಹಿಡಿದುಕೊಂಡೆ. ಮಗು ಹುಟ್ಟಿದಾಗಲೂ ಬರಲಿಲ್ಲ, ಅಪ್ಪ ಮಲಗಿದರೆಂದು ತಿಳಿದಾಗಲೂ ಬರಲಿಲ್ಲ. ಈಗ ಬರೆದಿದ್ದೀಯ, ಅಪ್ಪನನ್ನು ಕೇಳಮ್ಮ, ಅವರು ಒಪ್ಪಿದರೆ ಮೂವರೂ ಬರುತ್ತೇವೆ ಎಂದು.

ಕೇಳಿದೆ. ಬುಧವಾರ ಬೆಳಿಗ್ಗೆ ಮೈ ಒರೆಸಿ, ಒಗೆದ ಅಂಗಿ ಹಾಕಿ, ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಕೇಳಿದೆ. ನಿನ್ನ ಹೆಸರು ಎತ್ತುತ್ತಲೇ ಅವರ ಕಣ್ಣು ನನ್ನ ಮುಖದಲ್ಲೇ ನಿಂತುಬಿಟ್ಟಿತು. “ಪುಟ್ಟಿ ಬರ್ತೀನಿ ಅಂತಿದ್ದಾಳೆ. ಮಗುನೂ ಬರುತ್ತೆ, ಅವನೂ ಬರ್ತಾನೆ. ಬರಲಿ ಅಂತ ಬರೀಲಾ?” ಎಂದೆ. ಅವರ ಎಡಗೈ ಮೆಲ್ಲಗೆ ಮೇಲೆದ್ದು ಮೂಗಿನ ಹತ್ತಿರ ಹೋಯಿತು, ಅಲ್ಲಿ ಕನ್ನಡಕ ಇರಲಿಲ್ಲ. ಆಮೇಲೆ ಫೇರ್ ಎನಫ್ ಅಂದರು. ಕಣ್ಣಲ್ಲಿ ನೀರು ಬಂತು.

ಅಬ್ಸಲ್ಯೂಟ್ಲಿ ಅನ್ನಲಿಲ್ಲ ನೋಡು, ಆಫ್ ಕೋರ್ಸ್ ಅನ್ನಲಿಲ್ಲ. ಎಲ್ಲ ಬಿಟ್ಟು ಅದನ್ನೇ ಅಂದರು. ನಿನ್ನ ಜೊತೆ ಅಷ್ಟು ವಾದ ಮಾಡಿದ ಮನುಷ್ಯ ಹೇಳಬೇಕಾದ ಮಾತೇ ಅದು. ಅವರ ಪಾಠದ ಪ್ರಕಾರ ನೋಡಿದರೆ ನೂರಕ್ಕೆ ನೂರು ಅಂಕ.

ಆದ್ದರಿಂದ ನಿಮ್ಮಪ್ಪ ಒಪ್ಪಿದರು ಎಂದು ಬರೆಯುತ್ತಿದ್ದೇನೆ. ಬನ್ನಿ. ಮೆಟ್ಟಿಲ ಬುಡದಲ್ಲಿ ಸ್ಕೂಟರ್ ಇರುತ್ತದೆ, ಮಗುವನ್ನು ಎತ್ತಿಕೊಂಡು ಪಕ್ಕಕ್ಕೆ ಸರಿದು ಹತ್ತು. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಇದ್ದಿದ್ದರೆ ನಿನ್ನ ಗಂಡನಿಗೆ ಬಂದ ದಿನವೇ ಕೆಲಸ ಹಚ್ಚುತ್ತಿದ್ದೆ. ನಿನ್ನ ಕೋಣೆಯ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಮಗುವಿಗೆ ದೃಷ್ಟಿ ತಾಗದಿರಲಿ. ನಿನ್ನ ಮನೆ ಯಾವಾಗಲೂ ನಗುನಗುತ್ತಾ ಇರಲಿ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಮ್ಮ

ವಿ.ಸೂ.: ಕವರು ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಕಳಿಸಲು ಮನಸ್ಸು ಬರಲಿಲ್ಲ.

ಆ ದಿನ ನಾನು ಒಂದೇ ಸಲ ಕೇಳಿ ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ. ತಿರುಗಿಸಿಯೂ ಕೇಳಿದೆ. ಬರೋದು ಬೇಡ ಅಂತ ಬರೀಲಾ ಎಂದೆ. ಅದೇ ಎಡಗೈ ಮೂಗಿನ ಹತ್ತಿರ ಹೋಯಿತು. ಅದೇ ಫೇರ್ ಎನಫ್. ಕಣ್ಣಲ್ಲಿ ಅಷ್ಟೇ ನೀರು. ಮಾತು ಕಲಿಸುವ ಹುಡುಗಿಗೆ ಹೇಳಿದೆ. ಅಳುವೂ ಹಾಗೇ, ತಾನಾಗಿ ಬಂದುಬಿಡುತ್ತೆ ಆಂಟಿ, ಅದನ್ನೂ ನಂಬೋ ಹಾಗಿಲ್ಲ ಎಂದಳು. ನೀನು ಕೇಳಿದ ಒಪ್ಪಿಗೆ ಅವರೊಳಗೆ ಎಲ್ಲೋ ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ಹೊರಗೆ ತೆಗೆದು ನಿನಗೆ ಕಳಿಸಲು ನನ್ನಿಂದ ಆಗುವುದಿಲ್ಲ ಪುಟ್ಟಿ. ಯಾರಿಂದಲೂ ಆಗುವುದಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಅಪ್ಪನನ್ನು ಕೇಳು, ಅಪ್ಪ ಏನಂದರು ಬರಿ, ಅಪ್ಪ ಒಪ್ಪಿದರೆ ಬರುತ್ತೇವೆ. ಅಮ್ಮಾ ನೀನೇನಂತೀಯ ಎಂದು ಎಲ್ಲಾದರೂ ಇದೆಯೇನೋ ಎಂದು ಹಾಳೆ ತಿರುಗಿಸಿಯೂ ನೋಡಿದೆ. ನೀನು ಮೆಟ್ಟಿಲಿಳಿದು ಹೋದ ದಿನ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಅವತ್ತು ಅವರೂ ನನ್ನ ಕಡೆ ತಿರುಗಲಿಲ್ಲ, ನೀನೂ ತಿರುಗಲಿಲ್ಲ.

ನನಗೆ ಬಗೆಬಗೆಯಾಗಿ ಒಪ್ಪಲು ಬರುವುದಿಲ್ಲ. ನನ್ನದು ಒಂದೇ ಹೂಂ. ಅವತ್ತೂ ಇತ್ತು, ಇವತ್ತೂ ಇದೆ. ತಿರುಗಿಸಿ ಕೇಳಿ ನೋಡು, ಊಹೂಂ ಎನ್ನಲೂ ನನಗೆ ಬರುತ್ತದೆ. ಅದು ನಿನಗೂ ಅಳಿಯಂದಿರಿಗೂ ಸಾಕಾಗುತ್ತದೆಯಾ, ಬರಿ.